ಮೂರನೇ ಡೌನ್ ನೋಡಲು ಕಲಿಯಿರಿ: ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇವೆ. ಸೆಪ್ಟೆಂಬರ್ ಬಂತೆಂದರೆ ನಮ್ಮನೆಯವರೂ ಹೈಸ್ಕೂಲಿನ ಮಗನೂ ಭಾನುವಾರ ಟಿವಿ ಬಿಟ್ಟು ಏಳುವುದಿಲ್ಲ. ಕ್ರಿಕೆಟ್ ನನಗೆ ಚೆನ್ನಾಗಿ ಗೊತ್ತು, ಈ ಆಟ ಮಾತ್ರ ತಲೆಗೆ ಹತ್ತುತ್ತಿಲ್ಲ. ಐದು ಸೆಕೆಂಡು ಆಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಿಲ್ಲಿಸುತ್ತಾರೆ. ಸೋಮವಾರ ಆಫೀಸಿನಲ್ಲಿ ಹೆಂಗಸರೂ ಇದನ್ನೇ ಮಾತಾಡುತ್ತಾರೆ. ನನಗೆ ಪಂಡಿತೆಯಾಗುವ ಆಸೆಯಿಲ್ಲ. ಪಂದ್ಯದಲ್ಲಿ ಏನನ್ನು ಗಮನಿಸಬೇಕು, ಸುದ್ದಿಯಲ್ಲಿ ಬರುವ ಮಾತುಗಳ ಅರ್ಥವೇನು ಎಂದು ತಿಳಿದರೆ ಸಾಕು. ಈ ಸಲ ಲೀವೈಸ್ ಸ್ಟೇಡಿಯಮ್ಮಿಗೆ ಟಿಕೆಟ್ಟೂ ಆಗಿದೆ. ಹೋಗುವಾಗ ಏನಾದರೂ ಜಾಗ್ರತೆ ಬೇಕೆ?

ಉತ್ತರ: ಮೊದಲು ಚೆಂಡನ್ನು ಹುಡುಕುವುದನ್ನು ಬಿಡಿ. ಹೊಸದಾಗಿ ನೋಡುವವರು ಸುಸ್ತಾಗುವುದೇ ಅಲ್ಲಿ. ಈ ಆಟದಲ್ಲಿ ಚೆಂಡು ಯಾರ ಕೈಯಲ್ಲಿದೆ ಎಂದು ತಿಳಿಯದಂತೆ ಮಾಡುವುದೇ ಒಂದು ವಿದ್ಯೆ, ಕ್ಯಾಮೆರಾದವರೂ ಎಷ್ಟೋ ಸಲ ಮೋಸಹೋಗುತ್ತಾರೆ. ಅದರ ಬದಲು ಟಿವಿಯ ಕೆಳಗಿನ ಪಟ್ಟಿಯಲ್ಲಿ, ಸ್ಕೋರಿನ ಪಕ್ಕ, ಎರಡು ಅಂಕಿ ಇರುತ್ತವೆ ನೋಡಿ. ‘ಥರ್ಡ್ ಅಂಡ್ ಸೆವೆನ್’ ಎಂದಿದ್ದರೆ ಇದು ಮೂರನೇ ಡೌನ್, ಇನ್ನೂ 7 ಯಾರ್ಡ್ ಬಾಕಿ ಎಂದರ್ಥ. ಈ ಎರಡು ಅಂಕಿ ಓದಲು ಬಂದರೆ ಆಟದ ಮುಕ್ಕಾಲು ಪಾಲು ಕೈಗೆ ಬಂತೆಂದೇ ತಿಳಿಯಿರಿ.

ಡೌನ್ ಎಂದರೆ ಒಂದು ಪ್ರಯತ್ನ. ಕ್ರಿಕೆಟ್ಟಿನಲ್ಲಿ ಒಂದು ಎಸೆತ ಮುಗಿದು ಇನ್ನೊಂದು ಶುರುವಾಗುವ ನಡುವೆ ನಾಯಕ ಫೀಲ್ಡಿಂಗ್ ಬದಲಾಯಿಸುತ್ತಾನಲ್ಲ, ಇಲ್ಲಿನ ನಿಲುಗಡೆಯೂ ಅಂಥದ್ದೇ. ಆಟ ನಿಂತಿದೆ ಎಂದು ನಿಮಗೆ ಅನ್ನಿಸುವ ಆ 40 ಸೆಕೆಂಡಿನಲ್ಲೇ ಎರಡೂ ಕಡೆಯವರು ಮುಂದಿನ ಚಾಲನ್ನು ಆರಿಸಿಕೊಳ್ಳುತ್ತಿರುತ್ತಾರೆ. ಚೆಂಡು ಹಿಡಿದ ತಂಡಕ್ಕೆ ಇಂಥ 4 ಪ್ರಯತ್ನ. ಅಷ್ಟರಲ್ಲಿ 10 ಯಾರ್ಡ್, ಅಂದರೆ 30 ಅಡಿ, ಮುಂದೆ ಹೋಗಬೇಕು. ಹೋದರೆ ಲೆಕ್ಕ ಮತ್ತೆ ಒಂದರಿಂದ ಶುರು, ಇನ್ನೂ 4 ಪ್ರಯತ್ನ ಸಿಗುತ್ತದೆ. ಅದಕ್ಕೇ ಜನ ‘ಫಸ್ಟ್ ಡೌನ್’ ಎಂದು ಕೂಗುವುದು. ಆಗದಿದ್ದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಯ ಪಾಲು. ಮೈದಾನ ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 100 ಯಾರ್ಡ್. ಎರಡೂ ತುದಿಯಲ್ಲಿ ಬಣ್ಣ ಬಳಿದ 10 ಯಾರ್ಡಿನ ಎಂಡ್ ಝೋನ್. ಅಲ್ಲಿಗೆ ಚೆಂಡು ಮುಟ್ಟಿಸುವುದೇ ಗುರಿ.

ಅವಕಾಶ ನಾಲ್ಕಿದ್ದರೂ ನಾಲ್ಕನೆಯದರಲ್ಲಿ 10 ಯಾರ್ಡ್ ಪೂರೈಸಲು ಹೋಗುವ ತಂಡ ಕಡಿಮೆ. ತಮ್ಮ ಗೋಲಿನ ಹತ್ತಿರ ಸೋತರೆ ಎದುರಾಳಿಗೆ ಊಟ ಬಡಿಸಿ ಕೊಟ್ಟ ಹಾಗೆ. ಹಾಗಾಗಿ ನಾಲ್ಕನೇ ಡೌನ್ ಬಂದಾಗ ದೂರದಲ್ಲಿದ್ದರೆ ಚೆಂಡನ್ನು ಕಾಲಿನಿಂದ ಒದ್ದು 40-45 ಯಾರ್ಡ್ ಆಚೆ ಕಳಿಸುತ್ತಾರೆ, ಇದು ಪಂಟ್. ಹತ್ತಿರದಲ್ಲಿದ್ದರೆ ಕಂಬಗಳ ನಡುವೆ ಒದ್ದು 3 ಅಂಕ ತೆಗೆಯುತ್ತಾರೆ, ಇದು ಫೀಲ್ಡ್ ಗೋಲ್. ಎಂದಮೇಲೆ ಬಹುತೇಕ ಸಲ ನಿಜವಾದ ಕೊನೆಯ ಅವಕಾಶ ಮೂರನೆಯದೇ. ಟಿವಿ ಮುಂದೆ ಕೂತಿದ್ದರೂ ತರಕಾರಿ ಹೆಚ್ಚುತ್ತಿದ್ದರೆ ಹೆಚ್ಚಿ. ಮೂರನೇ ಡೌನ್ ಬಂದಾಗ ಮಾತ್ರ ತಲೆಯೆತ್ತಿ. ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜವಾಗಿ ಓಡಾಡುವುದು ಒಟ್ಟು 11 ನಿಮಿಷದ ಆಸುಪಾಸು. ಆ ಹನ್ನೊಂದರಲ್ಲಿ ಯಾವುದನ್ನು ನೋಡಬೇಕೆಂದು ತಿಳಿದವರಿಗೇ ಆಟ ರುಚಿಸುವುದು.

ಇನ್ನು ಎರಡನೇ ಅಂಕಿ. ‘ಥರ್ಡ್ ಅಂಡ್ ಒನ್’ ಎಂದರೆ ಒಂದು ಹೆಜ್ಜೆ ಬಾಕಿ, ಚೆಂಡು ಹಿಡಿದು ನುಗ್ಗಿದರೂ ಸಾಕು. 7-8ಕ್ಕಿಂತ ಹೆಚ್ಚು ಬಾಕಿಯಿದ್ದರೆ ಎಸೆಯದೆ ಗತಿಯಿಲ್ಲ, ಅದು ಎದುರಾಳಿಗೂ ಗೊತ್ತು. ಅದಕ್ಕೇ ಮೊದಲನೇ ಡೌನಿನಲ್ಲಿ 4 ಯಾರ್ಡ್ ಓಡಿದವನಿಗೆ ಕಾಮೆಂಟರಿಯವರು ಶಹಭಾಸ್ ಎನ್ನುವುದು. ನೋಡಲು ಸಪ್ಪೆ ಎನಿಸುವ ಆ 4 ಯಾರ್ಡ್ ಮುಂದಿನ ಎರಡು ಪ್ರಯತ್ನಗಳನ್ನು ಸಲೀಸು ಮಾಡುತ್ತದೆ. ಟಿವಿಯಲ್ಲಿ ಕಾಣುವ ಹಳದಿ ಗೆರೆ ಈ 10 ಯಾರ್ಡಿನ ಗಡಿ. 1998ರಿಂದ ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುತ್ತಿದ್ದಾರೆ. ಮೈದಾನದಲ್ಲಿ ಅಂಥ ಗೆರೆ ಇರುವುದಿಲ್ಲ. ಸ್ಟೇಡಿಯಮ್ಮಿಗೆ ಹೋದಾಗ ಗಡಿಯ ಪಕ್ಕ ಕಿತ್ತಳೆ ಬಣ್ಣದ ಕೋಲು ಹಿಡಿದು ನಿಂತವರನ್ನು ನೋಡಿಕೊಳ್ಳಬೇಕು.

ಅಂಕಗಳ ಲೆಕ್ಕ ಚಿಕ್ಕದು. ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಅದರ ಬೆನ್ನಿಗೇ ಒಂದು ಬೋನಸ್ ಅವಕಾಶ. ಸುಮಾರು 33 ಯಾರ್ಡಿನಿಂದ ಒದ್ದರೆ 1, ಅಥವಾ 2 ಯಾರ್ಡ್ ದೂರದಿಂದ ಮತ್ತೊಮ್ಮೆ ನುಗ್ಗಿದರೆ 2. ಒದೆತ ಬಹುತೇಕ ಯಾವಾಗಲೂ ಒಳಗೆ ಹೋಗುತ್ತದೆ, ನುಗ್ಗುವುದು ಅರ್ಧದಷ್ಟು ಸಲ ಮಾತ್ರ ಫಲಿಸುತ್ತದೆ. ಫೀಲ್ಡ್ ಗೋಲಿಗೆ 3. ಚೆಂಡು ಹಿಡಿದವನನ್ನು ಅವನದೇ ಎಂಡ್ ಝೋನಿನಲ್ಲಿ ಕೆಡವಿದರೆ ಸೇಫ್ಟಿ, 2 ಅಂಕ, ಅಪರೂಪ. ಒಂದೇ ಸಲಕ್ಕೆ ಗರಿಷ್ಠ 8 ಅಂಕ ಬರಬಹುದಾದ್ದರಿಂದ ಅಂತರ 8ರ ಒಳಗಿದ್ದರೆ ಪಂದ್ಯ ಇನ್ನೂ ಜೀವಂತ. 9 ಆಯಿತೆಂದರೆ ಎರಡು ಸಲ ಅಂಕ ತೆಗೆಯಬೇಕು, ಅಲ್ಲಿಗೆ ಲೆಕ್ಕಾಚಾರವೇ ಬೇರೆ. ಫೀಲ್ಡ್ ಗೋಲ್ ಎಷ್ಟು ದೂರದ್ದು ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೇಳಬೇಕೆ? ಚೆಂಡು ಯಾವ ಯಾರ್ಡ್ ಗೆರೆಯಲ್ಲಿದೆಯೋ ಅದಕ್ಕೆ 17 ಅಥವಾ 18 ಕೂಡಿಸಿ. ಎಂಡ್ ಝೋನಿನ 10, ಜೊತೆಗೆ ಒದೆಯುವವನಿಗಾಗಿ ಚೆಂಡನ್ನು ಹಿಂದಕ್ಕೆ ಕೊಡುವ 7-8.

ಇದನ್ನೆಲ್ಲ ಒಂದೇ ಪಂದ್ಯದಲ್ಲಿ ನೋಡಬೇಕೆಂದರೆ ನಿಮ್ಮೂರಿನ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಆಡಿದ ಸೂಪರ್ ಬೌಲ್ 58, ಅಂದರೆ ಆ ಸೀಸನ್ನಿನ ಫೈನಲ್, ಅದಕ್ಕಿಂತ ಒಳ್ಳೆಯ ಪಾಠವಿಲ್ಲ. 2024ರ ಫೆಬ್ರವರಿ 11ರಂದು ಲಾಸ್ ವೇಗಸ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ ಅವರು 25-22ರಿಂದ ಸೋತರು. ಮಗನ ಮುಂದೆ ಇದನ್ನು ಎತ್ತಿದರೆ ಮುಖ ಸಪ್ಪಗಾದೀತು, ಆದರೂ ಅವನ ಜೊತೆಯಲ್ಲೇ ಅದರ ಕೊನೆಯ ಭಾಗವನ್ನು ಮತ್ತೆ ಹಾಕಿ ನೋಡಿ.

ಪಂದ್ಯಕ್ಕೆ ನಾಲ್ಕು ಕ್ವಾರ್ಟರ್, ಅಂದರೆ ನಾಲ್ಕು ಭಾಗ. ಮೂರನೇ ಕ್ವಾರ್ಟರಿನಲ್ಲಿ ಫಾರ್ಟಿನೈನರ್ಸ್ 10-6ರಿಂದ ಮುಂದಿದ್ದರು. ಚೀಫ್ಸ್ ಪಂಟ್ ಒದ್ದರು. ಬಿದ್ದ ಚೆಂಡು ಫಾರ್ಟಿನೈನರ್ಸ್ ಆಟಗಾರನೊಬ್ಬನ ಕಾಲಿಗೆ ತಾಗಿತು. ಪಂಟ್ ಆದ ಚೆಂಡನ್ನು ಎದುರು ತಂಡದವರು ಮುಟ್ಟದಿದ್ದರೆ ಏನೂ ಆಗುವುದಿಲ್ಲ, ಮುಟ್ಟಿದರೆ ಅದು ಯಾರು ಬೇಕಾದರೂ ಹಿಡಿಯಬಹುದಾದ ಚೆಂಡು. ಚೀಫ್ಸ್ ಹಿಡಿದರು, ಅದರ ಮುಂದಿನ ಪ್ರಯತ್ನದಲ್ಲೇ ಟಚ್‌ಡೌನ್. ಹೀಗೆ ಚೆಂಡು ಅನಿರೀಕ್ಷಿತವಾಗಿ ಕೈ ಬದಲಾಯಿಸುವುದನ್ನು ಟರ್ನೋವರ್ ಎನ್ನುತ್ತಾರೆ. ಎಸೆದದ್ದನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್, ಕೈಜಾರಿದರೆ ಫಂಬಲ್. ಆಫೀಸಿನಲ್ಲಿ ಯಾರಾದರೂ ‘ಹೇಗೆ ಸೋತರು’ ಎಂದರೆ ಟರ್ನೋವರ್ ಎಷ್ಟಾಯಿತು ಎಂದು ಕೇಳಿ. ಎಷ್ಟೋ ಸೋಲಿನ ಕಾರಣ ಅಲ್ಲೇ ಸಿಗುತ್ತದೆ.

ನಾಲ್ಕನೇ ಕ್ವಾರ್ಟರಿನಲ್ಲಿ ಫಾರ್ಟಿನೈನರ್ಸ್ ಟಚ್‌ಡೌನ್ ಮಾಡಿ 16-13 ಆದರು. ಬೋನಸ್ ಒದೆತವನ್ನು ಚೀಫ್ಸ್‌ನ ಲಿಯೊ ಶೆನಾಲ್ ಕೈಯೆತ್ತಿ ತಡೆದ. ಯಾರೂ ಗಂಭೀರವಾಗಿ ನೋಡದ ಆ 1 ಅಂಕ ಬಂದಿದ್ದರೆ 17-13. ಆಗ ಚೀಫ್ಸ್ ಬರೀ ಫೀಲ್ಡ್ ಗೋಲಿನಿಂದ ಸಮ ಮಾಡಲಾಗುತ್ತಿರಲಿಲ್ಲ. 16-13 ಆದ್ದರಿಂದ ಒಂದು ಫೀಲ್ಡ್ ಗೋಲ್ ಸಾಕಾಯಿತು, 16-16. ಇನ್ನು ಎರಡು ನಿಮಿಷ ಉಳಿದಿದ್ದಾಗ ಫಾರ್ಟಿನೈನರ್ಸ್‌ಗೆ ‘ಥರ್ಡ್ ಅಂಡ್ ಫೈವ್’. 5 ಯಾರ್ಡ್ ಸಿಕ್ಕಿದ್ದರೆ ಹೊಸ 4 ಅವಕಾಶ, ಗಡಿಯಾರವೂ ಅಷ್ಟಷ್ಟೇ ಕರಗುತ್ತಿತ್ತು. ಚೀಫ್ಸ್ ಹಿಂದೆ ಕಾಯಬೇಕಾದ ಕಾರ್ನರ್‌ಬ್ಯಾಕ್ ಟ್ರೆಂಟ್ ಮೆಕ್‌ಡಫಿಯನ್ನೇ ಮುಂದೆ ನುಗ್ಗಿಸಿದರು. ಫಾರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಬ್ರಾಕ್ ಪರ್ಡಿ ಎಸೆದ ಚೆಂಡು ಮೆಕ್‌ಡಫಿಯ ಕೈಗೆ ತಾಗಿ ಬಿತ್ತು. ಹೀಗೆ ಹೆಚ್ಚುವರಿ ಆಳನ್ನು ಕಳಿಸುವುದೇ ಬ್ಲಿಟ್ಝ್. ಫಾರ್ಟಿನೈನರ್ಸ್ 53 ಯಾರ್ಡಿನ ಫೀಲ್ಡ್ ಗೋಲಿಗೆ ತೃಪ್ತಿಪಟ್ಟರು. ಚೀಫ್ಸ್‌ಗೆ ಉಳಿದ ಸಮಯ ಸಾಕಾಯಿತು, 3 ಸೆಕೆಂಡು ಇರುವಾಗ ಒದ್ದು 19-19 ಮಾಡಿದರು.

ಹೆಚ್ಚುವರಿ ಅವಧಿಯಲ್ಲಿ ಟಾಸ್ ಗೆದ್ದ ಫಾರ್ಟಿನೈನರ್ಸ್ ಚೆಂಡನ್ನು ತಾವೇ ಮೊದಲು ತೆಗೆದುಕೊಂಡರು. ಇದರ ಬಗ್ಗೆ ಇವತ್ತಿಗೂ ಜಗಳವಿದೆ. ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ನಿನ ಕೊನೆಯ ನಾಕೌಟ್ ಪಂದ್ಯಗಳಲ್ಲಿ, ಎರಡೂ ತಂಡಕ್ಕೆ ಒಂದೊಂದು ಸರದಿ ಖಾತ್ರಿ ಎಂಬ ನಿಯಮ 2022ರಲ್ಲಿ ಬಂದಿತ್ತು. ಹೀಗಿರುವಾಗ ಎರಡನೆಯವರಿಗೆ ಲಾಭ, ತಮಗೆ ಎಷ್ಟು ಬೇಕೆಂದು ಅವರಿಗೆ ಮೊದಲೇ ಗೊತ್ತು. ಮೊದಲ ಎರಡು ಸರದಿ ಸಮವಾದರೆ ಮೂರನೆಯದು ನಮ್ಮದಾಗುತ್ತದೆ ಎಂಬುದು ಕೋಚ್ ಕೈಲ್ ಶಾನಹನ್ ಲೆಕ್ಕ. ಪಂದ್ಯದ ನಂತರ ಅವರ ಕೆಲ ಆಟಗಾರರೇ ನಿಯಮ ಬದಲಾದದ್ದು ಗೊತ್ತಿರಲಿಲ್ಲ ಎಂದರು. ನಿಯಮ ತಿಳಿಯದೆಂದು ನೀವು ಸಂಕೋಚಪಡಬೇಕಿಲ್ಲ ಎನ್ನಲು ಇಷ್ಟು ಸಾಕು. ಫಾರ್ಟಿನೈನರ್ಸ್ ಗೋಲಿಗೆ 9 ಯಾರ್ಡ್ ಹತ್ತಿರ ಬಂದು, ಮೂರನೇ ಡೌನ್ ಕೈಕೊಟ್ಟು, 27 ಯಾರ್ಡಿನ ಫೀಲ್ಡ್ ಗೋಲ್ ಒದ್ದರು. 9ಕ್ಕೆ 18 ಕೂಡಿಸಿ ನೋಡಿ. ಈಗ 22-19.

ಚೀಫ್ಸ್ ಸರದಿ. ತಮ್ಮದೇ 34 ಯಾರ್ಡ್ ಗೆರೆಯಲ್ಲಿ ‘ಫೋರ್ತ್ ಅಂಡ್ ಒನ್’. ಬೇರೆ ಯಾವ ಹೊತ್ತಿನಲ್ಲಾದರೂ ಅಲ್ಲಿ ಪಂಟ್ ಒದೆಯುವವರೇ ಹೆಚ್ಚು. ಈಗ ಒದ್ದರೆ ಸೋಲು, ನುಗ್ಗಿ ಸಿಗದಿದ್ದರೂ ಸೋಲು. ಆಯ್ಕೆಯೇ ಇಲ್ಲದ್ದರಿಂದ ನಾಲ್ಕೂ ಅವಕಾಶ ಪೂರ್ತಿ ಅವರದಾಯಿತು. ಎರಡನೆಯವರಿಗೆ ಲಾಭ ಎಂದದ್ದು ಇದಕ್ಕೇ. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಚೆಂಡನ್ನು ಇನ್ನೊಬ್ಬನಿಗೆ ಕೊಡುವವನಂತೆ ನಟಿಸಿ ತಾನೇ ಇಟ್ಟುಕೊಂಡು 8 ಯಾರ್ಡ್ ಓಡಿದ. ಕೊನೆಗೆ 3 ಯಾರ್ಡಿನಿಂದ ಮೆಕೋಲ್ ಹಾರ್ಡ್‌ಮನ್‌ಗೆ ಎಸೆದು ಕಥೆ ಮುಗಿಸಿದ. ಎರಡೂ ತಂಡಕ್ಕೆ ಸರದಿ ಕೊಡುವ ಪದ್ಧತಿಯನ್ನು 2025ರಿಂದ ಲೀಗ್ ಪಂದ್ಯಗಳಿಗೂ ತಂದಿದ್ದಾರೆ. ಅಲ್ಲಿ ಹೆಚ್ಚುವರಿ ಅವಧಿ 10 ನಿಮಿಷ ಮಾತ್ರ, ಮುಗಿದಾಗ ಸಮವಿದ್ದರೆ ಪಂದ್ಯ ಟೈ.

ಇಷ್ಟು ರೂಢಿಯಾದ ಮೇಲೆ ಆಟಗಾರರತ್ತ ಕಣ್ಣು ಹಾಯಿಸಿ. ಕಡೆಗೆ 11 ಜನ. ಚೆಂಡು ಹಿಡಿದ ಕಡೆ ಮುಂದಿನ ಸಾಲಿನಲ್ಲಿ 5 ದಢೂತಿಗಳು, ಎರಡು ಟ್ಯಾಕಲ್, ಎರಡು ಗಾರ್ಡ್, ನಡುವೆ ಸೆಂಟರ್. ಅಂಗಿಯ ಮೇಲೆ 50ರಿಂದ 79ರೊಳಗಿನ ಅಂಕಿ. ಅಂಪೈರಿಗೆ ಮೊದಲೇ ಹೇಳದೆ ಇವರು ಎಸೆದ ಚೆಂಡು ಹಿಡಿಯುವಂತಿಲ್ಲ, ಹಾಗಾಗಿ ಟಿವಿಯಲ್ಲಿ ಇವರ ಹೆಸರು ಕೇಳಿಬಂದರೆ ಬಹುತೇಕ ತಪ್ಪು ಮಾಡಿದ್ದಾರೆಂದೇ. ಆದರೆ ನೀವು ಓದಬೇಕಾದದ್ದು ಇವರನ್ನೇ. ಚೆಂಡು ಎತ್ತಿದ ಕ್ಷಣ ಇವರು ಮುಂದಕ್ಕೆ ನುಗ್ಗಿದರೆ ಓಟ, ಎದ್ದು ಹಿಂದೆ ಹೆಜ್ಜೆಯಿಟ್ಟರೆ ಎಸೆತ. ಒಂದು ಪಂದ್ಯ ಪೂರ್ತಿ ಇದನ್ನೇ ನೋಡಿ. ಕಾಮೆಂಟರಿಯವನಿಗಿಂತ ಅರ್ಧ ಸೆಕೆಂಡು ಮೊದಲು ನಿಮಗೆ ತಿಳಿಯುತ್ತದೆ. ಆಮೇಲೆ ಎದುರಾಳಿಯ ಕಡೆ ತೀರಾ ಹಿಂದೆ ನಿಂತ ಕಾವಲುಗಾರರನ್ನು ಎಣಿಸಿ, ಇವರ ಹೆಸರೂ ಸೇಫ್ಟಿ, 2 ಅಂಕದ ಸೇಫ್ಟಿ ಬೇರೆ. ಇಬ್ಬರೂ ಹಿಂದಿದ್ದರೆ ದೂರದ ಎಸೆತಕ್ಕೆ ಕಾವಲು, ಓಡಲು ಜಾಗವಿದೆ. ಒಬ್ಬನೇ ಹಿಂದಿದ್ದು ಇನ್ನೊಬ್ಬ ಮುಂದೆ ಬಂದಿದ್ದರೆ ಅವರು ಓಟವನ್ನು ಕಾಯುತ್ತಿದ್ದಾರೆ, ಅಂಚಿನಲ್ಲಿ ಓಡಿ ಎಸೆತ ಹಿಡಿಯುವ ರಿಸೀವರ್‌ಗೆ ಒಬ್ಬನೇ ಕಾವಲುಗಾರ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಕೈ ಬೀಸಿ ಕೂಗಾಡಿ ಚಾಲು ಬದಲಾಯಿಸುವುದು ಇದನ್ನು ನೋಡಿದ ಮೇಲೆಯೇ. ಎದುರಾಳಿಗಳೂ ಕೊನೇ ಗಳಿಗೆಯಲ್ಲಿ ಜಾಗ ಬದಲಿಸಿ ಅವನನ್ನು ಯಾಮಾರಿಸುತ್ತಾರೆ.

ಟೈಟ್ ಎಂಡ್ ಎಂಬವನು ಎರಡು ಕೆಲಸದವನು. ಒಮ್ಮೆ ದಢೂತಿಗಳ ಜೊತೆ ಸೇರಿ ತಳ್ಳುತ್ತಾನೆ, ಇನ್ನೊಮ್ಮೆ ತಾನೇ ಓಡಿ ಚೆಂಡು ಹಿಡಿಯುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ಟೇಲರ್ ಸ್ವಿಫ್ಟ್ ಚೀಫ್ಸ್ ಪಂದ್ಯಕ್ಕೆ ಬಂದಾಗಿನಿಂದ ಟ್ರಾವಿಸ್ ಕೆಲ್ಸಿಯ ಹೆಸರು ಗೊತ್ತಿಲ್ಲದವರಿಲ್ಲ, ಅವನು ಟೈಟ್ ಎಂಡ್. ಅವಳನ್ನು ನೋಡಲೆಂದು ಟಿವಿ ಹಾಕಿದ ಹೆಂಗಸರನ್ನು ಗೇಲಿ ಮಾಡಿದವರು ಬಹಳ. ಆ ಗೇಲಿಗೆ ಅರ್ಥವಿಲ್ಲ. ಆಟಕ್ಕೆ ಯಾವ ಬಾಗಿಲಿನಿಂದ ಬಂದರೇನು, ಎರಡು ಸೀಸನ್ ಕೆಲ್ಸಿಯೊಬ್ಬನನ್ನೇ ಗಮನಿಸಿದವರಿಗೆ ಎದುರಾಳಿಯ ಕಾವಲಿನಲ್ಲಿ ಖಾಲಿ ಜಾಗ ಎಲ್ಲಿರುತ್ತದೆ ಎಂದು ತಾನಾಗಿ ತಿಳಿದಿರುತ್ತದೆ.

ಅಂಪೈರ್ ಎಸೆದ ಹಳದಿ ಬಟ್ಟೆ ಮೈದಾನದಲ್ಲಿ ಬಿದ್ದರೆ ತಪ್ಪಾಗಿದೆ ಎಂದರ್ಥ. ಎಲ್ಲ ನೆನಪಿಡಬೇಕಿಲ್ಲ. ಚೆಂಡು ಎತ್ತುವ ಮೊದಲೇ ಅಲುಗಿದರೆ ಫಾಲ್ಸ್ ಸ್ಟಾರ್ಟ್, 5 ಯಾರ್ಡ್ ಹಿಂದೆ. ಚೆಂಡು ಹಿಡಿದ ತಂಡದವರು ಎದುರಾಳಿಯನ್ನು ಕೈಯಿಂದ ಹಿಡಿದಿಟ್ಟರೆ ಹೋಲ್ಡಿಂಗ್, 10 ಯಾರ್ಡ್. ತಲೆಗೆ ಗುದ್ದುವುದು, ಮುಖದ ಜಾಲರಿ ಎಳೆಯುವುದು, ಎಸೆದು ಮುಗಿಸಿದ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು ಇವೆಲ್ಲ 15. ಮನೆಯಲ್ಲಿ ಗಂಡಸರು ಸೋಫಾದಿಂದ ಎದ್ದು ಕೂಗಾಡುವುದು ಮಾತ್ರ ಪಾಸ್ ಇಂಟರ್‌ಫಿಯರೆನ್ಸ್ ಬಿದ್ದಾಗ. ಚೆಂಡು ಬರುವ ಮೊದಲೇ ಹಿಡಿಯುವವನನ್ನು ತಡೆದರೆ, ತಪ್ಪು ನಡೆದ ಜಾಗದಲ್ಲೇ ಚೆಂಡು ಸಿಗುತ್ತದೆ. 40 ಯಾರ್ಡ್ ದೂರವಾದರೆ 40 ಯಾರ್ಡೂ ಪುಕ್ಕಟೆ. ಇನ್ನೊಂದು ಸೂಕ್ಷ್ಮ: ತಡೆಯುವ ತಂಡದ ಹೋಲ್ಡಿಂಗ್‌ಗೆ 5 ಯಾರ್ಡೇ, ಆದರೆ ಅದರ ಜೊತೆ ಫಸ್ಟ್ ಡೌನ್ ತಾನಾಗಿ ಬರುತ್ತದೆ. ಮೇಲೆ ಹೇಳಿದ ಸೂಪರ್ ಬೌಲ್‌ನ ಹೆಚ್ಚುವರಿ ಅವಧಿಯಲ್ಲಿ ಫಾರ್ಟಿನೈನರ್ಸ್ ‘ಥರ್ಡ್ ಅಂಡ್ ಥರ್ಟೀನ್’ನಲ್ಲಿ ಸಿಕ್ಕಿಬಿದ್ದಿದ್ದಾಗ ಇಂಥದೇ ಹೋಲ್ಡಿಂಗ್ ಅವರನ್ನು ಪಾರು ಮಾಡಿತು. 13 ಬೇಕಿತ್ತು, 5ಕ್ಕೇ ಕೆಲಸವಾಯಿತು.

ಗಡಿಯಾರದ ವಿಷಯ ಹೊಸಬರನ್ನು ಬಹಳ ಕಾಡುತ್ತದೆ. 15 ನಿಮಿಷದ ನಾಲ್ಕು ಕ್ವಾರ್ಟರ್. ಎಸೆದ ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಚೆಂಡು ಹಿಡಿದವನನ್ನು ಮೈದಾನದೊಳಗೆ ಕೆಡವಿದರೆ ಓಡುತ್ತಲೇ ಇರುತ್ತದೆ. ಕೊನೆಯ 5 ನಿಮಿಷದಲ್ಲಿ ಗೆರೆ ದಾಟಿ ಹೊರಗೆ ಹೋದರೂ ಮುಂದಿನ ಪ್ರಯತ್ನ ಶುರುವಾಗುವವರೆಗೆ ನಿಲ್ಲುತ್ತದೆ. ಅದಕ್ಕೇ ಹಿಂದೆ ಬಿದ್ದ ತಂಡದವರು ಕೊನೆಯಲ್ಲಿ ಹೊರಗೆ ಓಡುತ್ತಾರೆ, ಮುಂದಿರುವವರು ಬೇಕೆಂದೇ ಒಳಗೆ ಬೀಳುತ್ತಾರೆ. ಪ್ರತಿ ಅರ್ಧಕ್ಕೆ ತಂಡಕ್ಕೆ ಗಡಿಯಾರ ನಿಲ್ಲಿಸಲು 3 ಟೈಮ್‌ಔಟ್. ಎದುರಾಳಿಯ ಟೈಮ್‌ಔಟ್ ಮುಗಿದು 2 ನಿಮಿಷ ಉಳಿದು ನಿಮ್ಮವರಿಗೆ ಫಸ್ಟ್ ಡೌನ್ ಇದ್ದರೆ, ಪಂದ್ಯ ಮುಗಿಯಿತು. ಕ್ವಾರ್ಟರ್‌ಬ್ಯಾಕ್ ಚೆಂಡು ತೆಗೆದುಕೊಂಡು ಮಂಡಿಯೂರುತ್ತಾನೆ, 40 ಸೆಕೆಂಡು ಹೋಗುತ್ತದೆ. ಹೀಗೆ ಮೂರು ಸಲ. ‘ಇದೇನು, ಆಡದೆ ಕೂತುಬಿಟ್ಟರಲ್ಲ’ ಎಂದು ನಿಮಗೆ ಅನ್ನಿಸಿದ್ದು ಅದೇ.

ಈಗ ಸುದ್ದಿ. ಭಾನುವಾರದ ಪಂದ್ಯಕ್ಕೆ ಬುಧ, ಗುರು, ಶುಕ್ರ ಗಾಯಾಳುಗಳ ಪಟ್ಟಿ ಬರುತ್ತದೆ. ‘ಔಟ್’ ಎಂದರೆ ಆಡುವುದಿಲ್ಲ, ‘ಡೌಟ್‌ಫುಲ್’ ಎಂದರೆ ಆಡುವುದು ಅನುಮಾನ, ‘ಕ್ವೆಶ್ಚನಬಲ್’ ಎಂದರೆ ಎರಡೂ ಆಗಬಹುದು. ಈ ಕೊನೆಯ ಮಾತಿನ ಸತ್ಯಾಸತ್ಯ ತಿಳಿಯಲು ಶುಕ್ರವಾರ ಅವನು ಅಭ್ಯಾಸ ಮಾಡಿದನೇ ಎಂದು ನೋಡಿ. ಪೂರ್ತಿ ಮಾಡಿದ್ದರೆ ಆಡುವ ಸಂಭವವೇ ಹೆಚ್ಚು. ಯಾರು ಆಡುವುದಿಲ್ಲ ಎಂಬ ಅಂತಿಮ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮುಂಚೆ. ‘ಐಆರ್’ಗೆ, ಅಂದರೆ ಇಂಜರ್ಡ್ ರಿಸರ್ವ್ ಪಟ್ಟಿಗೆ, ಹಾಕಿದರು ಎಂದರೆ ಕನಿಷ್ಠ 4 ಪಂದ್ಯ ಇಲ್ಲ. ಎಸಿಎಲ್ ಎಂಬ ಮಂಡಿಯ ಕಟ್ಟು ಹರಿದರೆ ಆ ಸೀಸನ್ನೇ ಹೋಯಿತು. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಎಂದರೆ ವಾಸಿಯಾಯಿತೆಂದು ಬಂದವನು ಮತ್ತೆ ಕುಂಟುವುದು ಸಾಮಾನ್ಯ. ತಲೆಗೆ ಪೆಟ್ಟಾದವನು ಐದು ಹಂತದ ಕನ್‌ಕಷನ್ ತಪಾಸಣೆ ದಾಟಬೇಕು. ಕೊನೆಯ ಒಪ್ಪಿಗೆ ತಂಡಕ್ಕೆ ಸೇರದ ಸ್ವತಂತ್ರ ವೈದ್ಯರದ್ದೂ ಆಗಿರಬೇಕು. ಅದಕ್ಕೆ ದಿನ ಗೊತ್ತುಮಾಡಲಾಗದು.

ದುಡ್ಡಿನ ಸುದ್ದಿಗೆ ಪರ್ಡಿಯೇ ಉದಾಹರಣೆ. 2022ರ ಡ್ರಾಫ್ಟ್‌ನಲ್ಲಿ 262ನೆಯವನಾಗಿ, ಅಂದರೆ ಕಟ್ಟಕಡೆಯವನಾಗಿ ಆಯ್ಕೆಯಾದ. ಡ್ರಾಫ್ಟ್ ಎಂದರೆ ಏಪ್ರಿಲ್‌ನಲ್ಲಿ ಕಾಲೇಜು ಹುಡುಗರನ್ನು ಏಳು ಸುತ್ತಿನಲ್ಲಿ ಆರಿಸಿಕೊಳ್ಳುವ ಸರದಿ, ಹಿಂದಿನ ವರ್ಷ ಸೋತವರಿಗೆ ಮೊದಲ ಅವಕಾಶ. ಐಪಿಎಲ್ ತರಹ ಹರಾಜಿಲ್ಲ. ಆಯ್ಕೆಯ ಕ್ರಮದ ಮೇಲೇ ಸಂಬಳ ನಿಂತಿರುವುದರಿಂದ ಪರ್ಡಿ ಸೂಪರ್ ಬೌಲ್ ಆಡುವಾಗಲೂ ಅವನ ಸಂಬಳ ವರ್ಷಕ್ಕೆ 10 ಲಕ್ಷ ಡಾಲರಿನ ಒಳಗೇ ಇತ್ತು. ಆ ಉಳಿತಾಯದಲ್ಲಿ ತಂಡ ಬೇರೆ ದುಬಾರಿ ಆಟಗಾರರನ್ನು ಇಟ್ಟುಕೊಂಡಿತ್ತು. 2025ರ ಮೇ ತಿಂಗಳಲ್ಲಿ ಅವನಿಗೆ 5 ವರ್ಷಕ್ಕೆ 26.5 ಕೋಟಿ ಡಾಲರಿನ ಒಪ್ಪಂದವಾಯಿತು. ಆ ವರ್ಷ ಒಂದು ತಂಡ ಎಲ್ಲ ಆಟಗಾರರಿಗೂ ಸೇರಿ ಖರ್ಚು ಮಾಡಬಹುದಾದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 27.92 ಕೋಟಿ. ಒಬ್ಬನಿಗೇ ವರ್ಷಕ್ಕೆ ಸರಾಸರಿ 5.3 ಕೋಟಿ ಹೋದರೆ ಉಳಿದವರಿಗೆ ಎಲ್ಲಿಂದ ತರುವುದು? ಬೋನಸ್ಸನ್ನು ಮುಂಗಡ ಕೊಟ್ಟು ಲೆಕ್ಕದಲ್ಲಿ ಐದು ವರ್ಷಕ್ಕೆ ಹಂಚಿ ಬರೆಯುತ್ತಾರೆ. ಮೊದಲೆರಡು ವರ್ಷ ಹಗುರ, ಆಮೇಲೆ ಕಂತು ಮೈಮೇಲೆ ಬರುತ್ತದೆ. ‘ಇಷ್ಟು ಒಳ್ಳೆಯವನನ್ನು ಯಾಕೆ ಬಿಟ್ಟರು’ ಎಂಬ ಮಾರ್ಚ್ ತಿಂಗಳ ಗೋಳಿನ ಹಿಂದೆ ಹೆಚ್ಚಾಗಿ ಈ ಲೆಕ್ಕವೇ ಇರುತ್ತದೆ. ಒಪ್ಪಂದದ ಸುದ್ದಿಯಲ್ಲಿ ದಪ್ಪಕ್ಷರದ ಮೊತ್ತ ಬಿಟ್ಟು ‘ಗ್ಯಾರಂಟೀಡ್’ ಎಷ್ಟು ಎಂದು ನೋಡಿ, ಕೈಗೆ ಖಂಡಿತ ಬರುವ ದುಡ್ಡು ಅದೇ.

ಸೀಸನ್ನಿನ ಲೆಕ್ಕ ಹೀಗೆ: 32 ತಂಡ, ಎಎಫ್‌ಸಿ ಮತ್ತು ಎನ್‌ಎಫ್‌ಸಿ ಎಂದು ಎರಡು ಬಣ, ಒಂದೊಂದರಲ್ಲಿ ನಾಲ್ಕು ನಾಲ್ಕು ತಂಡದ ನಾಲ್ಕು ಡಿವಿಜನ್. 18 ವಾರದಲ್ಲಿ 17 ಪಂದ್ಯ, ಒಂದು ವಾರ ರಜ. ಫಾರ್ಟಿನೈನರ್ಸ್ ಡಿವಿಜನ್ನಿನಲ್ಲಿ ಸೀಹಾಕ್ಸ್, ರ‍್ಯಾಮ್ಸ್, ಕಾರ್ಡಿನಲ್ಸ್ ಇದ್ದಾರೆ, ಇವರೊಂದಿಗೆ ಎರಡೆರಡು ಸಲ ಆಟ. ಬಣಕ್ಕೆ 7 ತಂಡ ಪ್ಲೇಆಫ್‌ಗೆ ಹೋಗುತ್ತವೆ, ಮೊದಲ ಸ್ಥಾನದವರಿಗೆ ಮಾತ್ರ ಒಂದು ಸುತ್ತು ವಿಶ್ರಾಂತಿ. ಡಿಸೆಂಬರಿನಲ್ಲಿ ಎಲ್ಲರೂ ‘ನಂಬರ್ ಒನ್ ಸೀಡ್’ ಎಂದು ಬಡಿದಾಡುವುದು ಅದಕ್ಕೆ. ಅಲ್ಲಿಂದಾಚೆ ಸೋತವರು ಮನೆಗೆ. ಬೆಂಗಳೂರಿನಲ್ಲಿ ಕೂತು ನೋಡುವ ತಂಗಿಯೋ ಗೆಳತಿಯೋ ಇದ್ದರೆ, ನಿಮ್ಮ ಭಾನುವಾರ ಬೆಳಗ್ಗೆ 10ರ ಪಂದ್ಯ ಅವರಿಗೆ ರಾತ್ರಿ 10:30ಕ್ಕೆ, ನವೆಂಬರಿನಲ್ಲಿ ಗಡಿಯಾರ ಹಿಂದೆ ತಿರುಗಿಸಿದ ಮೇಲೆ 11:30ಕ್ಕೆ. ನಿಮ್ಮ ಸಂಜೆ 5:20ರ ಪಂದ್ಯ ಅವರ ಸೋಮವಾರ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತದೆ.

ರೆಡ್‌ಝೋನ್ ಚಾನೆಲ್ಲಿನಿಂದ ಮಾತ್ರ ಶುರು ಮಾಡಬೇಡಿ. ಎಲ್ಲ ಪಂದ್ಯಗಳ ರೋಚಕ ಭಾಗಗಳಿಗೆ ಹಾರುತ್ತಾ ಹೋಗುತ್ತದೆ, ಅಂಕ ಬರುವುದು ಕಾಣುತ್ತದೆಯೇ ಹೊರತು ಅಲ್ಲಿಗೆ ಹೇಗೆ ಬಂದರೆಂದು ಕಾಣುವುದಿಲ್ಲ. ನಿಲುಗಡೆ ತೆಗೆದು ಮುಕ್ಕಾಲು ಗಂಟೆಗೆ ಇಳಿಸಿದ ‘ಕಂಡೆನ್ಸ್‌ಡ್’ ಪಂದ್ಯ ಒಂದನ್ನು ಪೂರ್ತಿ ನೋಡುವುದು ಲೇಸು.

ಹೆಂಗಸರಿಗೆ ಇಲ್ಲೇನು ಕೆಲಸ ಎನ್ನುವವರು ಈಗಲೂ ಸಿಗುತ್ತಾರೆ. ಸೂಪರ್ ಬೌಲ್‌ನಲ್ಲಿ ಕೋಚ್ ಆಗಿ ನಿಂತ ಮೊದಲ ಮಹಿಳೆ ಕೇಟಿ ಸವರ್ಸ್, 2020ರಲ್ಲಿ, ನಿಮ್ಮ ಫಾರ್ಟಿನೈನರ್ಸ್ ತಂಡದಲ್ಲೇ. ಮರುವರ್ಷ ಸಾರಾ ಥಾಮಸ್ ಸೂಪರ್ ಬೌಲ್‌ನ ಅಂಪೈರಿಂಗ್ ತಂಡದಲ್ಲಿದ್ದ ಮೊದಲ ಮಹಿಳೆಯಾದರು. ಗೆದ್ದ ಟ್ಯಾಂಪಾ ಬೇ ತಂಡದಲ್ಲಿ ಆ ವರ್ಷ ಇಬ್ಬರು ಮಹಿಳಾ ಕೋಚ್‌ಗಳಿದ್ದರು. ಮನೆಯಲ್ಲಿ ಹೆಣ್ಣುಮಗಳಿದ್ದರೆ ಇದೂ ತಿಳಿದಿರಲಿ: ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಹೈಸ್ಕೂಲಿನ ಅಧಿಕೃತ ಆಟ. ಕೆಡವುವ ಬದಲು ಸೊಂಟದ ಪಟ್ಟಿ ಕಿತ್ತರೆ ಸಾಕು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಅದು ಇದೆ.

ಸ್ಟೇಡಿಯಮ್ಮಿಗೆ ಹೊರಡುವಾಗ ಮೊದಲು ವ್ಯಾನಿಟಿ ಬ್ಯಾಗನ್ನು ಮನೆಯಲ್ಲೇ ಬಿಡಿ. ಎನ್‌ಎಫ್‌ಎಲ್ (ಈ ತಂಡಗಳೆಲ್ಲ ಆಡುವ ಲೀಗ್) ಮೈದಾನಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ಪ್ರವೇಶ, 12 ಇಂಚು ಉದ್ದ, 12 ಎತ್ತರ, 6 ಅಗಲ ಮೀರಬಾರದು. ಒಂದು ಗ್ಯಾಲನ್ನಿನ ಝಿಪ್‌ಲಾಕ್ ಚೀಲವೂ ನಡೆಯುತ್ತದೆ. ಅದರ ಜೊತೆ ಕೈಯಗಲದ ಒಂದು ಪರ್ಸ್, ನಾಲ್ಕೂವರೆ ಇಂಚಿಗೆ ಆರೂವರೆ ಇಂಚು, ಪಾರದರ್ಶಕ ಅಲ್ಲದಿದ್ದರೂ ಸರಿ. ಸ್ಯಾನಿಟರಿ ಪ್ಯಾಡ್ ಮುಂತಾದ ಖಾಸಗಿ ವಸ್ತುಗಳನ್ನು ಅದರೊಳಗೆ ಇಟ್ಟುಕೊಳ್ಳಿ. ಮಗುವಿನ ಡೈಪರ್ ಚೀಲ, ಬೆನ್ನಿಗೆ ಹಾಕುವ ಬ್ಯಾಗ್ ಬಿಡುವುದಿಲ್ಲ. ಮಗುವಿನ ಸಾಮಾನನ್ನು ಪಾರದರ್ಶಕ ಚೀಲಕ್ಕೇ ಹಾಕಬೇಕು. ವೈದ್ಯಕೀಯ ಸಾಮಗ್ರಿ ಇದ್ದರೆ ಗೇಟಿನಲ್ಲಿ ತಪಾಸಣೆ ಮಾಡಿಸಿ ಒಯ್ಯಬಹುದು. ಟಿಕೆಟ್ಟನ್ನು ಮನೆಯಲ್ಲಿರುವಾಗಲೇ ಫೋನಿನ ವ್ಯಾಲೆಟ್ಟಿಗೆ ಇಳಿಸಿಕೊಳ್ಳಿ, ಗೇಟಿನ ಬಳಿ ಸಾವಿರಾರು ಜನರ ನಡುವೆ ನೆಟ್‌ವರ್ಕ್ ಕೈಕೊಡುತ್ತದೆ.

ಲೀವೈಸ್‌ನಲ್ಲಿ ಪೂರ್ವದ ಸೀಟುಗಳಿಗೆ ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ. ಸೆಪ್ಟೆಂಬರ್, ಅಕ್ಟೋಬರಿನ 1:25ರ ಪಂದ್ಯವಾದರೆ ಟೋಪಿ, ಸನ್‌ಸ್ಕ್ರೀನ್ ಇಲ್ಲದೆ ಹೋಗಬೇಡಿ. ಸೀಟು ಬದಲಿಸುವ ಅವಕಾಶವಿದ್ದರೆ ತೀರಾ ಕೆಳಗಿನ ಸಾಲುಗಳಿಗಿಂತ ಮೇಲಿನವು ವಾಸಿ, ಕೆಳಗೆ ಕೂತರೆ ನಿಂತ ಆಟಗಾರರ ಬೆನ್ನು ಅಡ್ಡ ಬರುತ್ತದೆ, ಸೇಫ್ಟಿಗಳನ್ನು ಎಣಿಸಲಾಗುವುದಿಲ್ಲ. ಕೂಗುವುದಕ್ಕೂ ಕ್ರಮವಿದೆ. ನಿಮ್ಮವರ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿರಬೇಕು, ಕ್ವಾರ್ಟರ್‌ಬ್ಯಾಕಿನ ಕೂಗು ಅವನ ಜೊತೆಗಾರರಿಗೆ ಕೇಳಬೇಕಲ್ಲ. ಎದುರಾಳಿಗೆ ಮೂರನೇ ಡೌನ್ ಬಂದಾಗ ಗಂಟಲು ಹರಿಯುವಂತೆ ಕೂಗಿ. ಸದ್ದಿಗೆ ಒಬ್ಬ ಮೊದಲೇ ಅಲುಗಿದನೆಂದರೆ 5 ಯಾರ್ಡ್ ಹೋಯಿತು, ಥರ್ಡ್ ಅಂಡ್ ಫೋರ್ ಇದ್ದದ್ದು ಥರ್ಡ್ ಅಂಡ್ ನೈನ್.

ಸನಿವೇಲ್‌ನಿಂದ ಕಾರಿಗಿಂತ ರೈಲು ಮೇಲು. ಕ್ಯಾಲ್‌ಟ್ರೇನಿನಲ್ಲಿ ಮೌಂಟನ್ ವ್ಯೂವರೆಗೆ ಹೋಗಿ ಅಲ್ಲಿಂದ ವಿಟಿಎ ಲೈಟ್ ರೈಲಿನ ಆರೆಂಜ್ ಲೈನ್ ಹಿಡಿದು ಗ್ರೇಟ್ ಅಮೆರಿಕಾ ನಿಲ್ದಾಣದಲ್ಲಿ ಇಳಿದರೆ ಸ್ಟೇಡಿಯಂ ಎದುರಿಗೇ. ಪಂದ್ಯ ಮುಗಿದ ಕೂಡಲೇ ಅಲ್ಲಿ ಉದ್ದ ಕ್ಯೂ ನಿಲ್ಲುತ್ತದೆ. ಅಂತರ 17ಕ್ಕಿಂತ ಹೆಚ್ಚಿದ್ದು 5 ನಿಮಿಷ ಉಳಿದಿದ್ದರೆ, ಮಗ ಎಷ್ಟೇ ಗೊಣಗಿದರೂ ಎದ್ದು ಹೊರಡಬಹುದು. 8ರ ಒಳಗಿದ್ದರೆ ಕೂತಿರಿ.